ಬೆನ್ನೆಲುಬು ಸವೆದರೂ ಬದುಕು ಬಾಗಬೇಕಾಗಿಲ್ಲ

"ಫಜ್ರ್‌ಗೆ ಏಳುವಾಗ ಸೊಂಟ ಹಿಡಿದುಕೊಂಡಂತಾಗುತ್ತದೆ, ಸ್ವಲ್ಪ ಓಡಾಡಿದ ಮೇಲೆ ಸಡಿಲವಾಗುತ್ತದೆ." ಐವತ್ತು ದಾಟಿದವರು ಇರುವ ಮನೆಗಳಲ್ಲಿ ಈ ಮಾತು ಕೇಳಿಬರದ ದಿನವಿಲ್ಲ. ಕೆಲವರಿಗೆ ಕುತ್ತಿಗೆ ತಿರುಗಿಸಿ ಸಲಾಮ್ ಹೇಳುವಾಗ ಕಟಕಟ ಸದ್ದು. ಇನ್ನು ಕೆಲವರಿಗೆ ಮಸೀದಿಗೆ ನಡೆದು ಹೋಗುವಾಗ ಅರ್ಧ ದಾರಿಯಲ್ಲೇ ಕಾಲು ಭಾರವಾಗಿ, ಎಲ್ಲಾದರೂ ಕುಳಿತುಕೊಳ್ಳಬೇಕೆನಿಸುತ್ತದೆ. ಎಕ್ಸ್‌ರೇ ತೆಗೆಸಿದರೆ ವರದಿಯಲ್ಲಿ 'ಸ್ಪಾಂಡಿಲೋಸಿಸ್' ಎಂದು ಬರೆದಿರುತ್ತದೆ. ಅಲ್ಲಿಂದ ಭಯ ಆರಂಭ. "ಎಲುಬು ಸವೆದು ಹೋಗಿದೆಯಂತೆ, ಇನ್ನು ಹಾಸಿಗೆಯೇ ಗತಿ" ಎಂದು ರೋಗಿಯೂ ಮನೆಯವರೂ ಭಾವಿಸುತ್ತಾರೆ. ನಡಿಗೆ ನಿಲ್ಲುತ್ತದೆ, ಮಸೀದಿಗೆ ಹೋಗುವುದು ನಿಲ್ಲುತ್ತದೆ. ಹೆಚ್ಚಿನವರ ದೇಹ ಕುಗ್ಗುವುದು ಸವೆತದಿಂದಲ್ಲ, ಹೀಗೆ ಎಲ್ಲವನ್ನೂ ನಿಲ್ಲಿಸಿಬಿಡುವುದರಿಂದ. ಈ ಲೇಖನದ ಉದ್ದೇಶ ಇಷ್ಟೇ: ಏನನ್ನು ಬಿಡಬಾರದು, ಏನನ್ನು ಬದಲಿಸಿಕೊಳ್ಳಬೇಕು ಮತ್ತು ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ತಿಳಿಸುವುದು.

ಸವೆತ ಎಂದರೇನು?

ನಮ್ಮ ಬೆನ್ನೆಲುಬಿನಲ್ಲಿ ಒಂದರ ಮೇಲೊಂದು ಪೋಣಿಸಿದಂತೆ 24 ಬಿಡಿ ಮಣಿಗಳಿವೆ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತೆಗಳಿವೆ. ಅವುಗಳ ತಿರುಳಿನಲ್ಲಿ ಬಹುಪಾಲು ನೀರೇ. ಮಣಿಗಳ ಹಿಂಬದಿಯಲ್ಲಿ ಎರಡೂ ಪಕ್ಕ ಸಣ್ಣ ಸಣ್ಣ ಕೀಲುಗಳಿವೆ. ನಾವು ಬಾಗುವುದು, ತಿರುಗುವುದು ಇವುಗಳ ಸಹಾಯದಿಂದ. ಮೊಣಕಾಲಿನ ಕೀಲಿನಂತೆ ಇವುಗಳಲ್ಲೂ ನುಣುಪಾದ ಮೃದ್ವಸ್ಥಿಯ ಪದರವಿದೆ.

ವಯಸ್ಸಾದಂತೆ ಡಿಸ್ಕಿನ ನೀರು ಕಡಿಮೆಯಾಗಿ ಅದು ತೆಳ್ಳಗಾಗುತ್ತದೆ. ಭಾರ ಹಿಂದಿನ ಕೀಲುಗಳ ಮೇಲೆ ಬೀಳುತ್ತದೆ, ಅಲ್ಲಿನ ಮೃದ್ವಸ್ಥಿ ಸವೆಯುತ್ತದೆ. ದೇಹವು ಅದನ್ನು ಸರಿದೂಗಿಸಲು ಅಂಚಿನಲ್ಲಿ ಹೊಸ ಎಲುಬು ಬೆಳೆಸುತ್ತದೆ. ಇದನ್ನೇ ಜನ 'ಎಲುಬಿನ ಮುಳ್ಳು' ಎನ್ನುತ್ತಾರೆ. ಈ ಮುಳ್ಳು ಅಥವಾ ಉಬ್ಬಿದ ಡಿಸ್ಕ್ ನರದ ದಾರಿಯನ್ನು ಕಿರಿದಾಗಿಸಿದರೆ ನೋವು ಕೈಗೋ ಕಾಲಿಗೋ ಇಳಿಯುತ್ತದೆ.

ಇದು ತಲೆಗೂದಲು ನರೆಯುವಂತೆ ಬಹುತೇಕ ಎಲ್ಲರಲ್ಲೂ ಆಗುವ ಬದಲಾವಣೆ. 2015ರಲ್ಲಿ ಅಮೆರಿಕದ ನರ-ವಿಕಿರಣ ಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪರಿಶೀಲನೆಯೊಂದು ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತ್ತು. ಇಪ್ಪತ್ತರ ಹರೆಯದವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತವಿತ್ತು. ಎಂಬತ್ತರ ಪ್ರಾಯದವರಲ್ಲಿ ಅದು ಶೇ. 96. ನೆನಪಿಡಿ, ಇವರಿಗೆ ಯಾರಿಗೂ ನೋವಿರಲಿಲ್ಲ. ಆದ್ದರಿಂದ ಎಕ್ಸ್‌ರೇ ವರದಿಯ ಭಾಷೆ ನೋಡಿ ಗಾಬರಿಯಾಗಬೇಡಿ. ನಿಮ್ಮ ಸ್ಥಿತಿಯನ್ನು ನಿರ್ಧರಿಸುವುದು ಚಿತ್ರವಲ್ಲ, ನೀವು ಎಷ್ಟು ನಡೆಯಬಲ್ಲಿರಿ, ಎಷ್ಟು ಕೆಲಸ ಮಾಡಬಲ್ಲಿರಿ ಎಂಬುದು.

ಇನ್ನೊಂದು ಗೊಂದಲವನ್ನೂ ಪರಿಹರಿಸಿಕೊಳ್ಳಿ. ಕೀಲಿನ ಸವೆತ ಬೇರೆ, ಎಲುಬು ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಬೇರೆ. ಮುಟ್ಟು ನಿಂತ ಮಹಿಳೆಯರಲ್ಲಿ ಎರಡೂ ಒಟ್ಟಿಗೆ ಇರಬಹುದು. ಮೊದಲನೆಯದು ನೋವು, ಬಿಗಿತ ಕೊಡುತ್ತದೆ. ಎರಡನೆಯದು ಸದ್ದಿಲ್ಲದೆ ಬಂದು, ಸಣ್ಣ ಬೀಳುವಿಕೆಗೇ ಎಲುಬು ಮುರಿಯುವಂತೆ ಮಾಡುತ್ತದೆ.

ನಿಮ್ಮ ನಮಾಝ್ ಏನು ಹೇಳುತ್ತದೆ?

ಕಡ್ಡಾಯ ನಮಾಝ್‌ಗಳಲ್ಲಿ ದಿನಕ್ಕೆ 17 ರಕಅತ್, 34 ಸುಜೂದ್‌ಗಳಿವೆ. ನಿಲ್ಲುವುದು, ಬಾಗುವುದು, ನೆಲಕ್ಕಿಳಿಯುವುದು, ಕುಳಿತುಕೊಳ್ಳುವುದು, ಮತ್ತೆ ಏಳುವುದು ಎಲ್ಲವೂ ಅದರಲ್ಲಿದೆ. ನಾವು ನಮಾಝ್ ಮಾಡುವುದು ವ್ಯಾಯಾಮಕ್ಕಾಗಿ ಅಲ್ಲ, ಅಲ್ಲಾಹನ ಆಜ್ಞೆಯೆಂದು. ಆದರೆ ನೋವು ಯಾವ ಭಂಗಿಯಲ್ಲಿ ಬರುತ್ತದೆ ಎಂಬುದನ್ನು ಅದರಲ್ಲಿ ಗಮನಿಸಬಹುದು. ವೈದ್ಯರಿಗೆ ಇದನ್ನು ಹೇಳಿದರೆ ಅರ್ಧ ರೋಗನಿರ್ಣಯ ಅಲ್ಲೇ ಆಗುತ್ತದೆ.

ಬಹಳ ಹೊತ್ತು ನಿಂತರೆ ಕಾಲು ಜೋಮು ಹಿಡಿದು ಭಾರವಾಗುತ್ತದೆ, ಆದರೆ ರುಕೂಗೆ ಬಾಗಿದಾಗ ಅಥವಾ ಕುಳಿತಾಗ ಹಾಯೆನಿಸುತ್ತದೆಯೇ? ಸೊಂಟದಲ್ಲಿ ನರದ ದಾರಿ ಕಿರಿದಾಗಿರುವ ಸಾಧ್ಯತೆಯಿದೆ. ಮುಂದಕ್ಕೆ ಬಾಗಿದಾಗ ಆ ದಾರಿ ತುಸು ಅಗಲವಾಗುತ್ತದೆ. ತರಾವೀಹ್‌ನ ದೀರ್ಘ ನಿಲುವು ಕಷ್ಟವಾಗುವುದು ಇಂಥವರಿಗೇ.

ನಿಂತಾಗ ಆರಾಮ, ಆದರೆ ಬಾಗಿದಾಗ ಅಥವಾ ಹೆಚ್ಚು ಹೊತ್ತು ಕುಳಿತಾಗ ನೋವು ಕಾಲಿಗೆ ಹರಿಯುತ್ತದೆಯೇ? ಡಿಸ್ಕ್ ನರವನ್ನು ಒತ್ತುತ್ತಿರಬಹುದು. ಪೃಷ್ಠದಿಂದ ಕಾಲಿನ ಹಿಂಬದಿಗೆ ಇಳಿಯುವ ಈ ನೋವನ್ನು ಯುನಾನಿಯಲ್ಲಿ 'ಇರ್ಕುನ್ನಸಾ' ಎನ್ನುತ್ತೇವೆ.

ಮೊದಲ ರಕಅತ್‌ನಲ್ಲಿ ಬಿಗಿತ, ಮುಂದೆ ಹೋದಂತೆ ಸಡಿಲವಾಗುತ್ತದೆಯೇ? ಇದು ಸಾಮಾನ್ಯ ಸವೆತದ ಲಕ್ಷಣ. ಬೆಳಗಿನ ಇಂಥ ಬಿಗಿತ ಹೆಚ್ಚಾಗಿ ಅರ್ಧ ಗಂಟೆಯೊಳಗೆ ಕಡಿಮೆಯಾಗುತ್ತದೆ. ಅದು ಗಂಟೆಗಟ್ಟಲೆ ಇದ್ದರೆ, ಅದರಲ್ಲೂ ನಲ್ವತ್ತೈದರೊಳಗಿನವರಿಗೆ ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ, ಅದು ಬೇರೆ ಬಗೆಯ ಉರಿಯೂತದ ವಾತವಾಗಿರಬಹುದು. ಪರೀಕ್ಷೆ ಮಾಡಿಸಲೇಬೇಕು.

ಕುರ್ಚಿ ಬೇಕೇ, ಬೇಡವೇ?

ಹ. ಇಮ್ರಾನ್ ಬಿನ್ ಹುಸೈನ್(ರ) ಮೂಲವ್ಯಾಧಿಯಿಂದ ಬಳಲುತ್ತಿದ್ದಾಗ ನಮಾಝ್‌ನ ಬಗ್ಗೆ ಪ್ರವಾದಿಯವರಲ್ಲಿ(ಸ) ವಿಚಾರಿಸಿದ್ದರು. ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ಮಾಡಲು ಪ್ರವಾದಿ(ಸ) ಅವರಿಗೆ ಕಲಿಸಿದರು. ರೋಗಿಗೆ ಇಸ್ಲಾಮ್ ನೀಡಿದ ಈ ರಿಯಾಯಿತಿಯ ವಿಷಯದಲ್ಲಿ ನಮ್ಮಲ್ಲಿ ಎರಡು ತುದಿಗಳನ್ನು ಕಾಣುತ್ತೇವೆ. ಒಂದು ಕಡೆ, ಕಾಲಿನಲ್ಲಿ ಶಕ್ತಿಯೇ ಇಲ್ಲದಿದ್ದರೂ "ಕುರ್ಚಿಯಲ್ಲಿ ಕುಳಿತರೆ ಜನ ಏನೆಂದಾರು" ಎಂದು ಹಲ್ಲು ಕಚ್ಚಿ ನೆಲಕ್ಕಿಳಿಯುವ ಹಿರಿಯರು. ಇನ್ನೊಂದು ಕಡೆ, ಒಮ್ಮೆ ಸೊಂಟ ಹಿಡಿದಾಗ ಕುರ್ಚಿಗೆ ಕುಳಿತವರು, ನೋವು ವಾಸಿಯಾಗಿ ವರ್ಷವಾದರೂ ಅಲ್ಲಿಂದ ಏಳದವರು.

ವೈದ್ಯನಾಗಿ ನನ್ನ ಸಲಹೆ ಇದು. ಯಾವ ಭಾಗದಲ್ಲಿ ತೊಂದರೆಯಿದೆಯೋ ಆ ಭಾಗಕ್ಕೆ ಮಾತ್ರ ಕುರ್ಚಿಯ ಸಹಾಯ ಪಡೆಯಿರಿ. ನಿಲ್ಲಲು ಸಾಧ್ಯವಿರುವವರು ನಿಂತರೆ ತೊಡೆ ಮತ್ತು ಸೊಂಟದ ಸ್ನಾಯುಗಳು ಬಲವಾಗಿ ಉಳಿಯುತ್ತವೆ. ಪೂರ್ತಿ ಕುರ್ಚಿಗೆ ಸೇರಿದವರ ತೊಡೆಯ ಸ್ನಾಯು ಬೇಗನೆ ಸೊರಗುತ್ತದೆ. ಕೆಲವು ತಿಂಗಳ ನಂತರ ಅವರಿಗೆ ಶೌಚಾಲಯದಿಂದ ಎದ್ದು ಬರಲೂ ಇನ್ನೊಬ್ಬರ ಕೈ ಬೇಕಾಗುತ್ತದೆ. ಯಾರಿಗೆ ಯಾವ ರುಕ್ನ್‌ನಲ್ಲಿ ಎಷ್ಟು ರಿಯಾಯಿತಿ ಎಂಬುದರಲ್ಲಿ ಹನಫಿ ಮತ್ತು ಶಾಫಿಈ ವಿದ್ವಾಂಸರ ವಿವರಣೆಗಳಲ್ಲಿ ವ್ಯತ್ಯಾಸವಿದೆ. ಆದ್ದರಿಂದ ವೈದ್ಯರು ಹೇಳಿದ್ದನ್ನು ನಿಮ್ಮ ಇಮಾಮರಿಗೆ ತಿಳಿಸಿ, ಅವರ ಮಾರ್ಗದರ್ಶನದಂತೆ ನಡೆಯಿರಿ. ಕುರ್ಚಿ ಗಟ್ಟಿಯಾದ ಮರದ್ದೋ ಕಬ್ಬಿಣದ್ದೋ ಇರಲಿ. ಕುಳಿತಾಗ ಪಾದಗಳು ಪೂರ್ತಿ ನೆಲಕ್ಕೆ ತಾಗಬೇಕು. ನುಣುಪು ನೆಲದಲ್ಲಿ ಜಾರುವ ಹಗುರ ಪ್ಲಾಸ್ಟಿಕ್ ಕುರ್ಚಿ ಅಪಾಯಕಾರಿ.

ನೆಲದಲ್ಲೇ ನಮಾಝ್ ಮಾಡುವವರು ಸುಜೂದ್‌ಗೆ ಇಳಿಯುವಾಗ ಬೆನ್ನನ್ನು ಬಿಲ್ಲಿನಂತೆ ಬಾಗಿಸದೆ ಮೊದಲು ಮೊಣಕಾಲು ಮಡಚಿ ಇಳಿಯಿರಿ. ಏಳುವಾಗ ಅಗತ್ಯವಿದ್ದರೆ ಕೈಗಳನ್ನು ನೆಲಕ್ಕೆ ಊರಿ ನಿಧಾನವಾಗಿ ಎದ್ದೇಳಿ. ಕುತ್ತಿಗೆ ಸವೆತವಿರುವವರು ಸಲಾಮ್ ಹೇಳುವಾಗ ಕತ್ತನ್ನು ಝಟ್ಟನೆ ತಿರುಗಿಸಬೇಡಿ. ತಲೆ ಸುತ್ತುವವರು ಸುಜೂದ್‌ನಿಂದ ಎದ್ದು ಒಂದು ಕ್ಷಣ ಕುಳಿತು ಆಮೇಲೆ ನಿಲ್ಲಿರಿ.

ವುಝೂ, ಅಡುಗೆ, ನಿದ್ದೆ

ಬೆನ್ನು ಹೆಚ್ಚಾಗಿ ಹಿಡಿದುಕೊಳ್ಳುವುದು ದೊಡ್ಡ ಕೆಲಸದಲ್ಲಲ್ಲ, ದಿನವೂ ಮಾಡುವ ಸಣ್ಣ ಕೆಲಸಗಳಲ್ಲಿ. ಒಂಟಿ ಕಾಲಿನಲ್ಲಿ ನಿಂತು ಇನ್ನೊಂದು ಕಾಲನ್ನು ವಾಶ್‌ಬೇಸಿನ್‌ಗೆ ಎತ್ತಿಟ್ಟು ತೊಳೆಯುವ ಅಭ್ಯಾಸವನ್ನು ಹಿರಿಯರು ಇಂದೇ ಬಿಡಬೇಕು. ಸೊಂಟಕ್ಕೂ ಅಪಾಯ, ಜಾರಿ ಬೀಳುವ ಅಪಾಯವೂ ಇದೆ. ಮೊಣಕಾಲಿನ ಎತ್ತರದ ಸ್ಟೂಲ್ ಮೇಲೆ ಕುಳಿತು ವುಝೂ ಮಾಡಿ. ಮಸೀದಿಯ ಹೌಳ್ ಬಳಿ ಇಂಥ ನಾಲ್ಕು ಆಸನ ಮತ್ತು ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸುವುದು ಜಮಾಅತ್‌ಗೆ ದೊಡ್ಡ ಖರ್ಚಿನ ಕೆಲಸವಲ್ಲ.

ನೀರಿನ ಬಕೆಟನ್ನು ಒಂದೇ ಕೈಯಲ್ಲಿ ಹೊರುವ ಬದಲು ಎರಡು ಅರ್ಧ ಬಕೆಟ್ ಮಾಡಿ ಎರಡೂ ಕೈಯಲ್ಲಿ ಹಿಡಿಯಿರಿ. ನೆಲದಿಂದ ಏನನ್ನಾದರೂ ಎತ್ತುವಾಗ ಮೊಣಕಾಲು ಮಡಚಿ, ವಸ್ತುವನ್ನು ಮೈಗೆ ಹತ್ತಿರ ಹಿಡಿದು ಎದ್ದೇಳಿ. ಎತ್ತಿಕೊಂಡು ಸೊಂಟ ತಿರುಚಬೇಡಿ. ಮೊಮ್ಮಕ್ಕಳನ್ನು ಎತ್ತುವಾಗಲೂ ಇದು ಅನ್ವಯ. ಸಾಧ್ಯವಾದರೆ ನೀವು ಕುಳಿತುಕೊಂಡು ಮಗುವನ್ನು ಮಡಿಲಿಗೆ ಕರೆಯಿರಿ.

ಅಡುಗೆಮನೆಯಲ್ಲಿ ಬಹಳ ಹೊತ್ತು ನಿಲ್ಲಬೇಕಾದಾಗ ಆರಿಂಚು ಎತ್ತರದ ಮಣೆಯೊಂದನ್ನು ಇಟ್ಟುಕೊಂಡು ಒಂದೊಂದೇ ಪಾದವನ್ನು ಸರದಿಯಂತೆ ಅದರ ಮೇಲಿಡಿ. ಸೊಂಟದ ಮೇಲಿನ ಎಳೆತ ಕಡಿಮೆಯಾಗುತ್ತದೆ. ಕರಾವಳಿಯ ನಮ್ಮ ಎಷ್ಟೋ ತಾಯಂದಿರು ಮಡಿಲಲ್ಲಿ ಮೊರ ಇಟ್ಟುಕೊಂಡು ದಿನವಿಡೀ ಕತ್ತು ಬಗ್ಗಿಸಿ ಬೀಡಿ ಕಟ್ಟಿದವರು. ಹೊಲಿಗೆಯಿಂದ ಮನೆ ನಡೆಸಿದವರಿಗೂ ಇದೇ ಭಂಗಿ. ಈಗಲೂ ಈ ಕೆಲಸದಲ್ಲಿರುವವರು ಗೋಡೆಗೆ ಬೆನ್ನು ಆನಿಸಿ ಕುಳಿತುಕೊಳ್ಳಿ. ಮೊರದ ಕೆಳಗೆ ದಿಂಬಿಟ್ಟು ಅದನ್ನು ಎತ್ತರಿಸಿ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಹಾಕಿ.

ಮಲಗಲು ಬರಿ ನೆಲವೇ ಒಳ್ಳೆಯದೆಂಬುದು ಸರಿಯಲ್ಲ. ತೀರಾ ಕುಸಿಯದ, ತೀರಾ ಗಟ್ಟಿಯೂ ಅಲ್ಲದ ಹಾಸಿಗೆ ಸಾಕು. ನೆಲದಿಂದ ಏಳುವುದು ಕಷ್ಟವಾಗುವವರಿಗೆ ಮಂಚವೇ ಸರಿ. ಬಲ ಮಗ್ಗುಲಲ್ಲಿ ಮಲಗುವಾಗ ಮೊಣಕಾಲುಗಳ ನಡುವೆ ಒಂದು ದಿಂಬಿಟ್ಟುಕೊಳ್ಳಿ. ತಲೆದಿಂಬು ಕಿವಿ ಮತ್ತು ಭುಜದ ನಡುವಿನ ಜಾಗ ತುಂಬುವಷ್ಟು ಮಾತ್ರ ಇರಲಿ. ಏಳುವಾಗ ಪಕ್ಕಕ್ಕೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಎದ್ದೇಳಿ.

ಚಲನೆಯೇ ಮೊದಲ ಔಷಧ

ಯುನಾನಿ ವೈದ್ಯಶಾಸ್ತ್ರವು ಆರೋಗ್ಯಕ್ಕೆ ಆರು ಅನಿವಾರ್ಯ ಆಧಾರಗಳನ್ನು ಹೇಳುತ್ತದೆ. ಗಾಳಿ, ಅನ್ನಪಾನ, ದೇಹದ ಚಲನೆ-ವಿಶ್ರಾಂತಿ, ಮನಸ್ಸಿನ ಚಲನೆ-ವಿಶ್ರಾಂತಿ, ನಿದ್ದೆ-ಎಚ್ಚರ, ವಿಸರ್ಜನೆ-ಧಾರಣ. ಇವುಗಳನ್ನು 'ಅಸ್ಬಾಬೆ ಸಿತ್ತ ಝರೂರಿಯ' ಎನ್ನುತ್ತಾರೆ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಆರೋಗ್ಯ ರಕ್ಷಣೆಯ ವಿಚಾರಕ್ಕೆ ಬಂದಾಗ ವ್ಯಾಯಾಮಕ್ಕೆ ಮೊದಲ ಸ್ಥಾನ ಕೊಟ್ಟಿದ್ದಾರೆ. ವೃದ್ಧರ ಪಾಲನೆಗೆ ಅದರಲ್ಲಿ ಪ್ರತ್ಯೇಕ ಭಾಗವೇ ಇದೆ. ಇಂದಿನ ವೈದ್ಯವಿಜ್ಞಾನವೂ ಬೆನ್ನಿನ ಸವೆತಕ್ಕೆ ಮೊದಲು ಸೂಚಿಸುವುದು ವ್ಯಾಯಾಮವನ್ನೇ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕೀಲು ಅಲುಗಾಡಿದಾಗಲೇ ಅದಕ್ಕೆ ಸುತ್ತಲಿನ ದ್ರವದಿಂದ ಪೋಷಣೆ ಸಿಗುತ್ತದೆ.

ನೋವು ತೀವ್ರವಾಗಿ ಹಿಡಿದಾಗ ಒಂದೆರಡು ದಿನ ವಿಶ್ರಾಂತಿ ಸಾಕು. ಅದಕ್ಕಿಂತ ಹೆಚ್ಚು ಮಲಗಬೇಡಿ. ನಂತರ ಹೀಗೆ ಆರಂಭಿಸಿ:

1. ನಡಿಗೆ: ಮೊದಲ ವಾರ ದಿನಕ್ಕೆರಡು ಬಾರಿ 10 ನಿಮಿಷ. ಹೊಂದಿಕೊಂಡಂತೆ 5 ನಿಮಿಷ ಹೆಚ್ಚಿಸುತ್ತಾ 30 ನಿಮಿಷಕ್ಕೆ ತನ್ನಿ. ಹತ್ತಿರದ ಮಸೀದಿಗೆ ಸ್ಕೂಟರ್ ಬಿಟ್ಟು ನಡೆದು ಹೋದರೆ ಬೇರೆ ಸಮಯ ಹುಡುಕಬೇಕಾಗಿಲ್ಲ.

2. ಸೊಂಟ ಒತ್ತುವುದು: ಅಂಗಾತ ಮಲಗಿ ಮೊಣಕಾಲು ಮಡಚಿ. ಹೊಟ್ಟೆ ಬಿಗಿಹಿಡಿದು ಸೊಂಟದ ಕೆಳಗಿನ ಸಂದನ್ನು ಹಾಸಿಗೆಗೆ ಒತ್ತಿ, 5 ಎಣಿಸಿ ಬಿಡಿ. 10 ಬಾರಿ.

3. ಮೊಣಕಾಲು ಎದೆಗೆ: ಅದೇ ಸ್ಥಿತಿಯಲ್ಲಿ ಒಂದು ಮೊಣಕಾಲನ್ನು ಕೈಗಳಿಂದ ಎದೆಯತ್ತ ಎಳೆದು 10 ಎಣಿಸಿ. ಪ್ರತಿ ಕಾಲಿಗೆ 5 ಬಾರಿ. ಬಾಗಿದರೆ ನೋವು ಕಾಲಿಗಿಳಿಯುವವರು ಇದನ್ನು ಮಾಡಬಾರದು.

4. ಕುರ್ಚಿಯಿಂದ ಏಳುವುದು: ಕೈ ಊರದೆ ಕುರ್ಚಿಯಿಂದ ಎದ್ದು ನಿಧಾನವಾಗಿ ಕುಳಿತುಕೊಳ್ಳಿ. 8ರಿಂದ 10 ಬಾರಿ. ನೆಲದಲ್ಲಿ ನಮಾಝ್ ಮಾಡುವ ಶಕ್ತಿ ಉಳಿಸಿಕೊಳ್ಳಲು ಇದು ಬಹಳ ಉಪಯುಕ್ತ.

5. ಕುತ್ತಿಗೆಗೆ: ನೇರವಾಗಿ ಕುಳಿತು, ನೋಟ ಮುಂದಿರಲಿ. ಗದ್ದವನ್ನು ಹಿಂದಕ್ಕೆ ಎಳೆದು 5 ಎಣಿಸಿ ಬಿಡಿ. 10 ಬಾರಿ. ಕತ್ತನ್ನು ಸುತ್ತಲೂ ಚಕ್ರದಂತೆ ತಿರುಗಿಸಬೇಡಿ.

ವ್ಯಾಯಾಮದ ನಂತರ ಸ್ವಲ್ಪ ಮೈನೋವು ಸಹಜ. ಕೈಕಾಲಿಗೆ ಹೊಸದಾಗಿ ನೋವು ಹರಿದರೆ ಅಥವಾ ಜೋಮು ಹಿಡಿದರೆ ನಿಲ್ಲಿಸಿ, ವೈದ್ಯರನ್ನು ಕಾಣಿ.

ಯುನಾನಿಯಲ್ಲಿ ಏನಿದೆ, ಏನಿಲ್ಲ

ಸವೆದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ ಔಷಧ ಯಾವ ಪದ್ಧತಿಯಲ್ಲೂ ಇನ್ನೂ ಇಲ್ಲ. ಯುನಾನಿಯಲ್ಲೂ ಇಲ್ಲ. "ಮೂರು ತಿಂಗಳಲ್ಲಿ ಗ್ಯಾರಂಟಿ" ಎನ್ನುವವರನ್ನು ನಂಬಬೇಡಿ. ಆದರೆ ನೋವು, ಬಿಗಿತ ಕಡಿಮೆ ಮಾಡಲು ನಮ್ಮ 'ಇಲಾಜ್ ಬಿತ್ತದ್ಬೀರ್' ವಿಭಾಗದಲ್ಲಿ ಒಳ್ಳೆಯ ಕ್ರಮಗಳಿವೆ. ಬಿಸಿ ಶಾಖವನ್ನು 'ತಕ್ಮೀದ್' ಎನ್ನುತ್ತೇವೆ. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಬಹುದು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಡಿಮೆಯಾದವರು ಸುಟ್ಟುಕೊಳ್ಳದಂತೆ ಎಚ್ಚರವಹಿಸಬೇಕು. ರೋಗನ್ ಬಾಬೂನದಂಥ ತೈಲದಿಂದ ಹಗುರವಾಗಿ 'ದಲ್ಕ್' ಅಂದರೆ ಮಾಲೀಶು ಮಾಡಿದರೆ ಬಿಗಿದ ಸ್ನಾಯು ಸಡಿಲವಾಗುತ್ತದೆ. ಬೆನ್ನ ಮೇಲೆ ಹತ್ತಿ ತುಳಿಸುವುದು, ಕುತ್ತಿಗೆಯನ್ನು 'ಲಟಕ್' ಎನಿಸುವುದು ಬೇಡವೇ ಬೇಡ. ಅದರಿಂದ ನರಕ್ಕೂ ರಕ್ತನಾಳಕ್ಕೂ ಪೆಟ್ಟಾಗಬಹುದು.

ಹಿಜಾಮದಿಂದ ಕೆಲವರಿಗೆ ತಾತ್ಕಾಲಿಕ ಉಪಶಮನ ಸಿಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ರಕ್ತಹೀನತೆ ಇರುವವರು, ಸಕ್ಕರೆ ಹತೋಟಿಯಲ್ಲಿಲ್ಲದವರು ಅದನ್ನು ಮಾಡಿಸಬಾರದು. ಮಾಡುವವರು ಅರ್ಹ ವೈದ್ಯರಾಗಿರಬೇಕು. ಬ್ಲೇಡು, ಕಪ್ಪು ಪ್ರತಿಯೊಬ್ಬರಿಗೂ ಹೊಸದಾಗಿರಬೇಕು.

ಸೇವಿಸುವ ಔಷಧಗಳಲ್ಲಿ ಮಾಜೂನ್ ಸೂರಂಜಾನ್ ಪ್ರಸಿದ್ಧ. ಸೂರಂಜಾನ್‌ನಲ್ಲಿ ಸಿಹಿ, ಕಹಿ ಎಂಬ ಎರಡು ಬಗೆಯಿದ್ದು, ಕಹಿಯದನ್ನು ಹೊರಲೇಪಕ್ಕೆ ಮಾತ್ರ ಬಳಸುತ್ತೇವೆ. ಪ್ರಮಾಣ ಮೀರಿದರೆ ವಾಂತಿಭೇದಿ ಮಾತ್ರವಲ್ಲ, ಪ್ರಾಣಾಪಾಯವೂ ಉಂಟು. ಮೂತ್ರಪಿಂಡದ ತೊಂದರೆ ಇರುವವರಿಗೆ ಇನ್ನೂ ಅಪಾಯ. ಕುಶ್ತಾಗಳು ಲೋಹ, ಖನಿಜಗಳಿಂದ ತಯಾರಾದವು. ಇವು ಯಾವುದನ್ನೂ ನೆರೆಮನೆಯವರ ಸಲಹೆಯಂತೆ ಸೇವಿಸಬಾರದು. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಂಥ ಕಡೆ ಅಥವಾ ನೋಂದಾಯಿತ ಬಿ.ಯು.ಎಂ.ಎಸ್. ವೈದ್ಯರಲ್ಲಿ ತೋರಿಸಿಯೇ ಪಡೆಯಿರಿ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಿದೆ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ 'ವಾತದ ಪುಡಿ' ಸೇವಿಸಿ ಎರಡೇ ದಿನದಲ್ಲಿ ನೋವು ಮಾಯವಾದರೆ ಸಂತೋಷಪಡಬೇಡಿ, ಸಂಶಯಪಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಕೆಲವು ತಿಂಗಳಲ್ಲಿ ಮುಖ ದುಂಡಗೆ ಊದುತ್ತದೆ, ಸಕ್ಕರೆ ಮತ್ತು ರಕ್ತದೊತ್ತಡ ಏರುತ್ತವೆ, ಎಲುಬು ಟೊಳ್ಳಾಗುತ್ತದೆ. ಬಹಳ ದಿನ ಸೇವಿಸಿದವರು ಹಠಾತ್ತನೆ ನಿಲ್ಲಿಸುವುದೂ ಅಪಾಯ. ಪೊಟ್ಟಣವನ್ನು ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ. ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ, ತಯಾರಿಕೆಯ ದಿನಾಂಕ ಇಲ್ಲದ ಯಾವ ಔಷಧವೂ ಮನೆಗೆ ಬರಬಾರದು. ಅಂಗಡಿಯಿಂದ ತಂದು ದಿನವೂ ನುಂಗುವ ನೋವಿನ ಮಾತ್ರೆಗಳಿಂದ ಜಠರದಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ರಮಝಾನ್‌ನಲ್ಲಿ ಇವನ್ನು ಬರಿಹೊಟ್ಟೆಗೆ ಸೇವಿಸಿ ಉಪವಾಸ ತೊರೆಯಬೇಡಿ. ವೈದ್ಯರು ಬರೆದುಕೊಟ್ಟಿದ್ದರೆ ಊಟದ ನಂತರ ಸೇವಿಸಿ, ಇಫ್ತಾರ್‌ನಿಂದ ಸಹ್ರಿವರೆಗೆ ಸಾಕಷ್ಟು ನೀರು ಕುಡಿಯಿರಿ.

ಊಟ ಮತ್ತು ಬಿಸಿಲು

ಆಲೂಗಡ್ಡೆ, ಬದನೆ, ಹುಳಿ ಎಲ್ಲವನ್ನೂ ಬಿಡಿಸಿ ಹಿರಿಯರ ತಟ್ಟೆ ಬರಿದು ಮಾಡುವ ಅಗತ್ಯವಿಲ್ಲ. ಸವೆತಕ್ಕೆ ಅವು ಕಾರಣವಲ್ಲ. ಮುಖ್ಯವಾದುದು ತೂಕ. ಹೊಟ್ಟೆ ಮುಂದಕ್ಕೆ ಬಂದಷ್ಟೂ ಸೊಂಟದ ಕೀಲುಗಳ ಮೇಲೆ ಎಳೆತ ಹೆಚ್ಚು. ಎಣ್ಣೆ, ಸಿಹಿ, ರಾತ್ರಿ ತಡವಾದ ಭಾರಿ ಊಟ ಕಡಿಮೆ ಮಾಡಿ. ರಾಗಿ, ಹಾಲು, ಮೊಸರು, ಎಳ್ಳು, ಸೊಪ್ಪು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಎಲುಬಿಗೆ ಒಳ್ಳೆಯದು. ಸ್ನಾಯು ಉಳಿಯಲು ಬೇಳೆಕಾಳು, ಮೊಟ್ಟೆ, ಕೋಳಿ ಬೇಕು. ಮನೆಯೊಳಗೇ ಇರುವ ಮಹಿಳೆಯರಲ್ಲಿ ವಿಟಮಿನ್ ಡಿ ಕೊರತೆ ಸಾಮಾನ್ಯ. ತಾರಸಿಯಲ್ಲೋ ಹಿತ್ತಿಲಲ್ಲೋ ಮರೆಯಿರುವ ಕಡೆ ಕೈಕಾಲಿಗೆ ಬಿಸಿಲು ತಾಗಲಿ. ಕೊರತೆ ಇದ್ದರೆ ಪರೀಕ್ಷಿಸಿ ಮಾತ್ರೆ ಪಡೆಯಿರಿ. ಬೀಡಿ, ಸಿಗರೇಟು ಡಿಸ್ಕ್‌ನ ಸವೆತವನ್ನು ಹೆಚ್ಚಿಸುತ್ತವೆ.

ತಡಮಾಡಬಾರದ ಲಕ್ಷಣಗಳು

ಈ ಕೆಳಗಿನ ಯಾವುದಾದರೂ ಕಂಡರೆ ಎಣ್ಣೆ, ಶಾಖ ಎಂದು ಮನೆಯಲ್ಲಿ ಕುಳಿತಿರಬೇಡಿ:

• ಮೂತ್ರ ಕಟ್ಟುವುದು, ಮಲಮೂತ್ರದ ಹಿಡಿತ ತಪ್ಪುವುದು, ತೊಡೆಯ ಸಂದಿ ಮತ್ತು ಗುದದ ಸುತ್ತ ಸ್ಪರ್ಶ ತಿಳಿಯದಿರುವುದು. ಇದು ತುರ್ತುಸ್ಥಿತಿ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

• ಕಾಲು ಅಥವಾ ಕೈಯ ಬಲ ಕುಂದುವುದು, ಪಾದ ಎಳೆದು ನಡೆಯುವುದು.

• ಅಂಗಿಯ ಗುಂಡಿ ಹಾಕಲು, ತಸ್ಬೀಹ್ ಮಣಿ ಎಣಿಸಲು ಬೆರಳು ಕೇಳದಿರುವುದು, ನಡೆಯುವಾಗ ತೂರಾಡುವುದು. ಕುತ್ತಿಗೆಯಲ್ಲಿ ಬೆನ್ನುಹುರಿ ಒತ್ತಲ್ಪಟ್ಟಾಗ ಹೀಗಾಗುತ್ತದೆ.

• ಜ್ವರ, ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು. ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯರೋಗವನ್ನು ಮರೆಯುವಂತಿಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು ಇನ್ನೂ ಎಚ್ಚರ ವಹಿಸಬೇಕು.

• ಬಿದ್ದ ನಂತರ ಅಥವಾ ಭಾರ ಎತ್ತಿದ ನಂತರ ಹಿರಿಯರಿಗೆ ಹಠಾತ್ತನೆ ಬಂದ ತೀವ್ರ ಬೆನ್ನುನೋವು. ಮಣಿ ಕುಸಿದಿರಬಹುದು.

ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವೇ ಮಂದಿಗೆ. ಆದರೆ ನರದ ಬಲ ಕುಂದುತ್ತಿರುವಾಗ ಅದನ್ನು ಮುಂದೂಡಿದರೆ ಹೋದ ಬಲ ಮರಳಿ ಬಾರದಿರಬಹುದು. ಅಂಥವರನ್ನು ಯುನಾನಿ ವೈದ್ಯರೂ ಕೂಡಲೇ ತಜ್ಞರ ಬಳಿಗೆ ಕಳುಹಿಸಬೇಕು.

ಮನೆಯವರಿಗೆ ಒಂದು ಮಾತು

ಹಿರಿಯರ ನೋವು ಹೊರಗೆ ಕಾಣುವುದಿಲ್ಲ. "ವಯಸ್ಸಾಯಿತಲ್ಲ, ಇರುತ್ತದೆ" ಎಂದು ತಳ್ಳಿಹಾಕಿದರೆ ಅವರು ಹೇಳುವುದನ್ನೇ ಬಿಡುತ್ತಾರೆ. "ನೀವು ಏನೂ ಮಾಡಬೇಡಿ, ಸುಮ್ಮನೆ ಮಲಗಿ" ಎನ್ನುವುದೂ ಪ್ರೀತಿಯಂತೆ ಕಂಡರೂ ಹಾನಿಯೇ. ಉಮ್ಮನಿಗೆ ಕುಳಿತು ಮಾಡುವ ಕೆಲಸ ಇರಲಿ. ಅಬ್ಬನ ಜೊತೆ ಅಸ್ರ್‌ಗೆ ಮಗನೋ ಮೊಮ್ಮಗನೋ ನಡೆದು ಹೋಗಲಿ, ಅವರ ಹೆಜ್ಜೆಗೆ ಹೆಜ್ಜೆ ಹೊಂದಿಸಿ. ಸ್ನಾನದ ಮನೆಯಲ್ಲಿ ಹಿಡಿಕಂಬಿ, ಎತ್ತರದ ಕಮೋಡು, ರಾತ್ರಿ ದೀಪ ಇವಿಷ್ಟನ್ನು ಈ ತಿಂಗಳೇ ಮಾಡಿಸಿ. ಉಮ್ರಾಕ್ಕೆ ಹೊರಡುವ ಹಿರಿಯರು ಎರಡು ತಿಂಗಳ ಮೊದಲೇ ನಡಿಗೆ ರೂಢಿಸಿಕೊಳ್ಳಲಿ. ಸಫಾ-ಮರ್ವಾ ನಡುವಿನ ಏಳು ಬಾರಿಯ ನಡಿಗೆಯೇ ಸುಮಾರು ಮೂರು ಕಿಲೋಮೀಟರು. ಸಾಧ್ಯವಾಗದವರು ಅಲ್ಲಿ ಸಿಗುವ ಗಾಲಿಕುರ್ಚಿಯನ್ನು ಬಳಸಲು ಸಂಕೋಚಪಡಬೇಕಾಗಿಲ್ಲ.

ದೇಹವು ಅಲ್ಲಾಹನು ನಮ್ಮ ಬಳಿ ಇಟ್ಟಿರುವ ಅಮಾನತ್ತು. ಹಳೆಯದಾದ ಅಮಾನತ್ತನ್ನು ಇನ್ನಷ್ಟು ಜೋಪಾನವಾಗಿ ಬಳಸಬೇಕು, ಮೂಲೆಯಲ್ಲಿ ಇಡಬಾರದು. ನಮ್ಮ ಹಿರಿಯರೆಲ್ಲರಿಗೂ ಕೊನೆಯವರೆಗೆ ತಮ್ಮ ಕಾಲ ಮೇಲೆ ನಡೆಯುವ ಶಕ್ತಿಯನ್ನು ಅಲ್ಲಾಹನು ದಯಪಾಲಿಸಲಿ. ಆಮೀನ್.